ಅಮೃತಕ್ಕೂ ಅಳತೆಯಿರಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಬೇಲಿಗಳಿಗೆ ಅಮೃತಬಳ್ಳಿ ಹೊಸತಲ್ಲ. 2020ರಲ್ಲಿ ಕೋವಿಡ್ ಹರಡಿದಾಗ ಇದೇ ಬಳ್ಳಿ ‘ರೋಗನಿರೋಧಕ ಶಕ್ತಿವರ್ಧಕ’ವೆಂದು ದೇಶದೆಲ್ಲೆಡೆ ಕಷಾಯವಾಯಿತು, ಮಾತ್ರೆಯಾಯಿತು.

ಅದರ ಕಾಂಡದ ಸಾರದಲ್ಲಿರುವ ಪಾಲಿಸ್ಯಾಕರೈಡುಗಳು ರೋಗಾಣುಗಳನ್ನು ನುಂಗುವ ರಕ್ಷಕ ಕಣಗಳನ್ನು ಪ್ರಚೋದಿಸುತ್ತವೆಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದ ಸಂಗತಿ. ಆದರೆ ಪ್ರಚೋದನೆಯೆಲ್ಲವೂ ರಕ್ಷಣೆಯಲ್ಲ. ಕೆಲವರಲ್ಲಿ ಹಾಗೆ ಕೆರಳಿದ ಕಾವಲುಪಡೆ ಸ್ವಂತ ಯಕೃತ್ತಿನ ಮೇಲೆಯೇ ಎರಗಬಹುದು. ದೇಶದ 13 ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಅಮೃತಬಳ್ಳಿ ಸೇವಿಸಿದ್ದ 43 ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ದಾಖಲಿಸಿತು. ಇಂಥದೇ ವರದಿಯೊಂದನ್ನು 2021ರಲ್ಲಿ ಅಲ್ಲಗಳೆದಿದ್ದ ಆಯುಷ್ ಸಚಿವಾಲಯವು, ಅದೇ ಕುಲದ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ತಿಳಿದಿರಬಹುದೆಂಬ ಸಂಶಯವನ್ನೆತ್ತಿತ್ತು.

ವಾದ ಯಾವುದಾದರೂ ಪಾಠವೊಂದೇ: ಗಿಡದ ಗುರುತು, ಸೇವನೆಯ ಪ್ರಮಾಣ, ಸೇವಿಸುವವರ ದೇಹಸ್ಥಿತಿ ಈ ಮೂರನ್ನೂ ಅರಿಯದೆ ಮದ್ದು ಮದ್ದಾಗದು. ಯಕೃತ್ತಿನ ತೊಂದರೆಯುಳ್ಳವರು, ಸಂಧಿವಾತದಂಥ ಸ್ವಯಂನಿರೋಧಕ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.

ಮಾಗಡಿ ತಾಲ್ಲೂಕಿನ ಸಾವನದುರ್ಗವು ರಾಜ್ಯದ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲೊಂದು. ಅಲ್ಲಿ ಗಿಡಗಳೇನೋ ಉಳಿದಾವು. ಅವುಗಳನ್ನು ಗುರುತಿಸಬಲ್ಲ, ಯಾರಿಗೆ ಎಷ್ಟು ಕೊಡಬೇಕೆಂದು ಬಲ್ಲ ನಾಟಿವೈದ್ಯರ ಅರಿವೂ ಅವುಗಳ ಜೊತೆಗೇ ಉಳಿಯಬೇಕು. ಆ ಅರಿವನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ಕಾಪಾಡುವುದು ಇಂದಿನ ಹೊಣೆ.