ಮೂರು ದಿನಕ್ಕೊಮ್ಮೆ ಮಂಕಾಗುವ ಚಿಕ್ಕಿ

ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅಂತೀವಿ. ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ, ಹೆದ್ದಾರಿಯ ಲೈಟು ಕಣ್ಣಿಗೆ ಬೀಳದ ಮೂಲೆ ಹುಡುಕಿ ಮಾಳಿಗೆ ಮೇಲೆ ಕೂತ್ರೆ, ಡಿಸೆಂಬರ್ ರಾತ್ರಿ ಇನ್ನೂ ಬೇಕಾದಷ್ಟು ಚಿಕ್ಕಿ ಕಾಣ್ತಾವೆ. ಅದರಲ್ಲಿ ಒಂದು ಟೈಮ್ ಟೇಬಲ್ ಇಟ್ಟುಕೊಂಡು ಮಂಕಾಗುತ್ತದೆ. ಹೆಸರು ಆಲ್ಗಾಲ್. ಅರಬ್ಬಿ ಮೂಲದ ಈ ಹೆಸರಿಗೆ ಭೂತದ ತಲೆ ಅಂತ ಅರ್ಥ.

ಹುಡುಕೋದು ಸುಲಭ. ಕೃತ್ತಿಕಾ ಗೊಂಚಲಿನಿಂದ ಉತ್ತರಕ್ಕೆ, ಕ್ಯಾಸಿಯೋಪಿಯಾದ ‘ಎಂ’ ಆಕಾರದ ಕಡೆ ಕಣ್ಣು ಹಾಯಿಸಿ. ದಾರಿಯಲ್ಲೇ ಸಿಗುತ್ತೆ.

ಆಲ್ಗಾಲ್ ಎಂದರೆ ಒಂದನ್ನೊಂದು ಸುತ್ತುವ ಜೋಡಿ. ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂದ ನಕ್ಷತ್ರ ಪ್ರಖರವಾದದ್ದಕ್ಕೆ ಅಡ್ಡ ಬರುತ್ತೆ. ಆಗ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ, ಅಂದ್ರೆ ಬೆಳಕು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇಳಿಯೋಕೆ ಸುಮಾರು ಐದು ಗಂಟೆ, ಏರೋಕೆ ಮತ್ತೆ ಐದು.

ಬೈನಾಕ್ಯುಲರ್ ಇದ್ರೆ ಒಳ್ಳೇದು, ಇಲ್ಲದಿದ್ರೂ ನಡೆಯುತ್ತೆ. ಅರ್ಧ ಗಂಟೆಗೊಮ್ಮೆ ಅಕ್ಕಪಕ್ಕದ ಚಿಕ್ಕಿಗಳ ಜೊತೆ ಹೋಲಿಸಿ ಬರೆದಿಡಿ. ಮಾಮೂಲಿ ದಿನ ಅದು ಆಂಡ್ರೊಮಿಡಾದ ಆಲ್ಮಾಕ್‌ಗೆ ಸಮ. ಗ್ರಹಣದ ತುದಿಯಲ್ಲಿ 2.9ರ ಎಪ್ಸಿಲಾನ್ ಪರ್ಸಿಗಿಂತ ಮಂದ. ಪಕ್ಕದ ರೋ ಪರ್ಸಿಗೆ ಮಾತ್ರ ಹೋಲಿಸಬೇಡಿ, ಅದರ ಕಾಂತಿಯೂ ಬದಲಾಗುತ್ತಿರುತ್ತೆ. ನಮ್ಮ ಲಾಗ್ ಫೈಲಿನ ನಿಯಮವೇ ಇಲ್ಲೂ: ಟೈಮ್‌ಸ್ಟ್ಯಾಂಪ್ ಇಲ್ಲದ ದಾಖಲೆಗೆ ಬೆಲೆಯಿಲ್ಲ.

“ಚಿಕ್ಕಿ ಮಂಕಾದ್ರ ನಿನಗೇನ್ ಬಂತೋ?” ಅಂತ ಅವ್ವ ಕೇಳ್ತಾಳೆ. ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿದ್ದ ಜಾನ್ ಗುಡ್‌ರಿಕ್‌ಗೆ ಕಿವಿ ಕೇಳಿಸ್ತಿರಲಿಲ್ಲ. 1782ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬರಿಗಣ್ಣಲ್ಲೇ ಆಲ್ಗಾಲ್ ನೋಡೋಕೆ ಶುರು ಮಾಡಿ, ಆಮೇಲೆ ಅವಧಿ ಲೆಕ್ಕ ಹಾಕಿದ. ಏನೋ ಅಡ್ಡ ಬರ್ತಿರಬಹುದು ಅಂದ. 1783ರಲ್ಲಿ ಕೋಪ್ಲಿ ಪದಕ ಬಂತು, 21ಕ್ಕೇ ತೀರಿಕೊಂಡ. ಅವನ ಊಹೆ ಸರಿ ಅಂತ 1889ರಲ್ಲಿ ಜರ್ಮನಿಯ ಫೋಗೆಲ್ ವರ್ಣಪಟಲದಿಂದ ತೋರಿಸಿದ.

ಅಂದ್ರೆ ಅವನಿಗಿದ್ದ ಸಲಕರಣೆ ನಮಗೂ ಇದೆ: ಕಣ್ಣು, ಗಡಿಯಾರ, ತಾಳ್ಮೆ. ಕಡಿಮೆಯಾಗ್ತಿರೋದು ಕತ್ತಲೆ. ಊರಲ್ಲಿ ಹೊಸ ಎಲ್ಇಡಿ ಬಂದ ಹಾಗೆಲ್ಲ ಮಂದ ಚಿಕ್ಕಿಗಳು ಮೊದಲು ಹೋಗ್ತಾವೆ. ಬೀದಿದೀಪ ಬೇಡ ಅನ್ನೋಕಾಗಲ್ಲ, ಆದ್ರೆ ಬೆಳಕು ನೆಲಕ್ಕೆ ಬೀಳೋ ಹಾಗೆ ಮುಚ್ಚಳ ಹಾಕಿಸಬಹುದಲ್ಲ?

ಒಂದು ಗ್ರಹಣ ಸಿಕ್ಕರೆ ಮುಂದಿನವು ತಾನಾಗೇ ಸಿಗ್ತಾವೆ. ನಡುರಾತ್ರಿ 12ಕ್ಕೆ ಕಂಡಿದ್ದು ಮೂರನೇ ದಿನ ರಾತ್ರಿ 8.49ಕ್ಕೆ. ಆಫೀಸ್ ಕಾಲ್ ಮುಗಿಸಿ ಮಾಳಿಗೆ ಹತ್ತಿ ನೋಡ್ರಿ.