ಹೆಸರು ಹುಡುಕುವ ಲೆಕ್ಕ

ಓದುಗರೇ, ದಪ್ಪ ಪುಸ್ತಕವೊಂದರ ಕೊನೆಯ ಪದಸೂಚಿಯಲ್ಲಿ ಅರ್ಧ ಹೆಸರುಗಳೇ ಬಿಟ್ಟುಹೋಗಿದ್ದರೆ ಏನು ಮಾಡುತ್ತೀರಿ? ಸೂಚಿಯಲ್ಲಿ ಸಿಗಲಿಲ್ಲವೆಂದು ಪುಸ್ತಕದಲ್ಲೂ ಇಲ್ಲವೆನ್ನುವ ಹಾಗಿಲ್ಲ. ಮೊದಲ ಪುಟದಿಂದ ತಿರುವಿಹಾಕಲೇಬೇಕು.

ಕಂಪ್ಯೂಟರಿನವರಿಗೂ ಬಹಳ ವರ್ಷ ಇದೇ ಪಾಡಿತ್ತು. ಮನೆಯಲ್ಲಿ ಸಾಫ್ಟ್‌ವೇರ್ ಮಕ್ಕಳಿರುವವರು ‘ಡಿಬಗರ್’ ಎಂಬ ಮಾತು ಕೇಳಿರುತ್ತೀರಿ. ಪ್ರೋಗ್ರಾಮು ಎಲ್ಲಿ ತಪ್ಪಿತೆಂದು ಹುಡುಕಲು ನೆರವಾಗುವ ಸಾಧನವದು. ಕಂಪೈಲರ್ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವಾಗ, ಯಾವ ಹೆಸರಿನದು ಎಲ್ಲಿದೆಯೆಂದೂ ಇದಕ್ಕಾಗಿ ಬರೆದಿಡುತ್ತದೆ. ಆ ಬರವಣಿಗೆಯ ಕ್ರಮಕ್ಕೆ ‘ಡ್ವಾರ್ಫ್’, ಅಂದರೆ ಕುಳ್ಳ, ಎಂದು ಹೆಸರು. ‘ಎಲ್ಫ್’ ಎಂಬ ಕಡತದ ಜೊತೆಗಾರನಾದ್ದರಿಂದ ಈ ತಮಾಷೆ! ಅದರ ಹಳೆಯ ಸೂಚಿಯಲ್ಲಿ ಎಲ್ಲರಿಗೂ ಕಾಣುವ ಹೆಸರುಗಳಷ್ಟೇ ಇದ್ದವು. ಒಂದು ಕಡತದೊಳಗೇ ಉಳಿಯುವ ‘ಸ್ಟ್ಯಾಟಿಕ್’ ಹೆಸರುಗಳು ಇರಲಿಲ್ಲ. ಹಾಗಾಗಿ ಜಿಡಿಬಿ ಎಂಬ ಡಿಬಗರ್ ಅದನ್ನು ನಂಬದೆ ಎಲ್ಲವನ್ನೂ ತಾನೇ ಓದುತ್ತಿತ್ತು. ದೊಡ್ಡ ಪ್ರೋಗ್ರಾಮಾದರೆ ಶುರುವಾಗುವುದಕ್ಕೇ ಕಾಯಬೇಕು.

2017ರ ಡ್ವಾರ್ಫ್ 5 ಹೊಸ ಸೂಚಿ ತಂದಿತು. ಸ್ಟ್ಯಾಟಿಕ್ ಹೆಸರುಗಳೂ ಇದರಲ್ಲುಂಟು. ಆದರೆ ಇದು ಅಕಾರಾದಿಯಲ್ಲ. 5381ರಿಂದ ಹೊರಟು, ಪ್ರತಿ ಅಕ್ಷರಕ್ಕೂ 33ರಿಂದ ಗುಣಿಸಿ ಆ ಅಕ್ಷರದ ಸಂಖ್ಯೆ ಕೂಡಿಸುತ್ತ ಹೋಗುವುದು. ಬಂದದ್ದನ್ನು ಡಬ್ಬಿಗಳ ಸಂಖ್ಯೆಯಿಂದ ಭಾಗಿಸಿದರೆ ಉಳಿದ ಶೇಷವೇ ಡಬ್ಬಿಯ ನಂಬರು. ನೇರ ಅದರ ಮುಚ್ಚಳ ತೆಗೆದರಾಯಿತು. ಸಾಸಿವೆಗಾಗಿ ಹತ್ತು ಡಬ್ಬಿ ತಡಕುವ ನಮಗೂ ಇಂಥದೊಂದು ಲೆಕ್ಕ ಬೇಕಿತ್ತು!

ನನಗೆ ಹೆಚ್ಚು ಹಿಡಿಸಿದ್ದು ಅದರ ಪ್ರಾಮಾಣಿಕತೆ. ಪ್ರೋಗ್ರಾಮಿನ ಯಾವ ಯಾವ ಭಾಗಗಳಿಗೆ ತಾನು ಸೂಚಿಯೆಂದು ಆರಂಭದಲ್ಲೇ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿಲ್ಲದ ಭಾಗವಿದ್ದರೆ ಅದನ್ನಷ್ಟೇ ಡಿಬಗರ್ ಹಳೆಯ ರೀತಿಯಲ್ಲಿ ಪೂರ್ತಿ ಓದಿಕೊಳ್ಳಬಹುದು.