ಕಾಫಿಯ ಸಾಗಣೆಯನ್ನು ಯಾರಿಗೆ ಒಪ್ಪಿಸಬೇಕು?

ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೆಂಬುದು ವಾಚಕರಿಗೆ ತಿಳಿದ ವಿಷಯವಷ್ಟೆ. ಈ ದೇಶದ ಕಾಫಿಯ ಬಹುಭಾಗವು ಇಟಲಿ, ಜರ್ಮನಿ ಮೊದಲಾದ ಪರದೇಶಗಳಿಗೆ ಹೋಗುವುದು. ಲಾರಿ, ಸುಂಕದ ಕಾಗದಪತ್ರ, ಹಡಗಿನಲ್ಲಿ ಸ್ಥಳ, ವಿಮೆ ಇವೆಲ್ಲವನ್ನೂ ಸಣ್ಣ ರಫ್ತು ಸಂಸ್ಥೆಯು ತಾನೇ ನಿರ್ವಹಿಸಹೊರಟರೆ ವೆಚ್ಚವೂ ವಿಳಂಬವೂ ಹೆಚ್ಚುವುವು. ನುರಿತ ಸಾಗಣೆ ಏಜೆಂಟರಿಗೆ ಈ ಕೆಲಸವನ್ನು ವಹಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದಾಗ, ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಹೋಗಬೇಕಾಯಿತು. ಪ್ರಯಾಣವು ವಾರಕ್ಕೂ ಮಿಗಿಲಾಗಿ ಬೆಳೆಯಿತು. ಅಂತಹ ಸಮಯದಲ್ಲಿ ಹಲವು ಹಡಗು ಕಂಪೆನಿಗಳೊಡನೆ ವ್ಯವಹಾರವುಳ್ಳವರಿಗೆ ಸ್ಥಳ ದೊರೆಯುವುದು ಸುಲಭ.

ಆದರೆ ಸಾಗಣೆಯನ್ನು ಪರರಿಗೆ ಒಪ್ಪಿಸಬಹುದೇ ಹೊರತು ಸರಕಿನ ಗುಣದ ಹೊಣೆಯನ್ನಲ್ಲ. ಬೀಜದ ತೇವವು ನೂರಕ್ಕೆ 12.5 ಭಾಗವನ್ನು ಮೀರಿದರೆ, ಮುಚ್ಚಿದ ಕಂಟೇನರಿನೊಳಗೆ ಆವಿಯು ಹನಿಯಾಗಿ ಬಿದ್ದು ಮೂಟೆಗಳಿಗೆ ಬೂಷ್ಟು ಹಿಡಿಯುವ ಭಯವುಂಟು. ದಾರಿ ಬೆಳೆದಷ್ಟೂ ಈ ಭಯವೂ ಬೆಳೆಯುವುದು. ಆದಕಾರಣ ಮೂಟೆ ತುಂಬುವಾಗಲೇ ತೇವವನ್ನು ಅಳೆದು ಬರೆದಿಡತಕ್ಕದ್ದು. ನಷ್ಟವಾದಲ್ಲಿ ತೆರಬೇಕಾದವರು ಯಾರೆಂಬುದನ್ನು ಕರಾರಿನಲ್ಲಿ ಸ್ಪಷ್ಟಪಡಿಸತಕ್ಕದ್ದು. ಬಂದರಿನಾಚೆ ಕೆಟ್ಟ ಮೂಟೆಯ ನಷ್ಟವು ಕಟ್ಟಕಡೆಗೆ ಬೆಳೆಗಾರನಿಗೆ ಸಲ್ಲುವ ಬೆಲೆಯನ್ನೇ ತಗ್ಗಿಸುವುದೆಂಬುದನ್ನು ರಫ್ತುಗಾರರು ಮರೆಯಲಾಗದು.